ಕೆಂಡದ ಬುಟ್ಟಿಯ ಮೇಲಿಟ್ಟ ಕ್ಯಾಸೆಟ್ಟು

ಸುದ್ದಿ ಬಂದಾಗ ನಾನು ಬಟ್ಟೆ ಒಣಗಿಸುತ್ತಿದ್ದೆ. ನಮ್ಮ ಮೂಡಿಗೆರೆ ಕಡೆ ಜೂನ್ ಹಿಡಿಯಿತೆಂದರೆ ಬಟ್ಟೆಗೆ ಬಿಸಿಲಿನ ಆಸೆಯಿಲ್ಲ. ಹಳೆಯ ಬಾಣಲೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಕವುಚಿ, ಬುಟ್ಟಿಯ ಬೆನ್ನಿನ ಮೇಲೆ ಹರಡುತ್ತೇವೆ. ಅವತ್ತು ನಾನು ಹರಡಿದ್ದು ಹಳೆಯ ವಾಯಿಲ್ ಸೀರೆ ಹರಿದು ಮಾಡಿದ ಸಣ್ಣ ಸಣ್ಣ ಚೌಕಗಳನ್ನು. ನಾದಿನಿ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಹಿಂದಿನ ದಿನ ನೋವು ಕಾಣಿಸಿ, ಅತ್ತೆ ಅವಳನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿದ್ದರು.

ನಮ್ಮವರು ಕಾಫಿ ಎಸ್ಟೇಟಿನ ರೈಟರು, ಲೆಕ್ಕಪತ್ರ ಬರೆಯುವವರು. ಆಫೀಸಿನ ಫೋನಿಗೆ ಸುದ್ದಿ ಬಂತು ಅಂತ ಓಡಿ ಬಂದವರು ಕೊಡೆ ಮಡಚದೆ ಬಾಗಿಲಲ್ಲೇ ನಿಂತರು.

"ತಾಯಿ ಉಳಿದಿದಾಳೆ," ಅಂದರು.

ಜೀಪು ಹತ್ತಿ ಹೊರಟೇಹೋದರು. ನಾನು ದೇವರಿಗೆ ಕೈ ಮುಗಿದೆ, ಆಮೇಲೆ ಬುಟ್ಟಿಯ ಮೇಲಿನ ಚೌಕಗಳನ್ನು ಒಂದೊಂದಾಗಿ ತೆಗೆದು ಮಡಚಿದೆ. ಅವು ಇನ್ನೂ ಅರ್ಧ ಹಸಿಯಾಗಿದ್ದವು.

ಸತ್ತು ಹುಟ್ಟಿದ ಕೂಸಿಗೆ ನಮ್ಮಲ್ಲಿ ಸೂತಕವಿಲ್ಲ, ತಿಥಿಯಿಲ್ಲ, ಹೆಸರಿಲ್ಲ. ಗಂಡಸರು ಎಲ್ಲೋ ಹೂತು ಬರುತ್ತಾರೆ. ಹೆತ್ತವಳಿಗೆ ಮುಖ ತೋರಿಸುವುದಿಲ್ಲ, ಗಂಡೋ ಹೆಣ್ಣೋ ಹೇಳುವುದಿಲ್ಲ. ಅವಳು ಜೋರಾಗಿ ಅಳಬಾರದು. ಅತ್ತರೆ ಮುಂದಿನ ಬಸಿರಿಗೆ ತಾಗುತ್ತದೆ ಎಂಬ ಹೆದರಿಕೆ. ನಾದಿನಿ ಮನೆಗೆ ಬಂದ ಮೇಲೆ ಎದೆ ಹಾಲಿನಿಂದ ಕಲ್ಲಾಗಿ ಜ್ವರ ಬಂತು. ಹಾಲು ಬತ್ತಲಿ ಅಂತ ಅತ್ತೆ ಬಸ್ಸಿನಲ್ಲಿ ಘಟ್ಟದ ಕೆಳಗಿನಿಂದ ಮಲ್ಲಿಗೆ ತರಿಸಿ ಅವಳ ಎದೆಗೆ ಕಟ್ಟಿದರು. ಮನೆಯೆಲ್ಲ ಮದುವೆಮನೆಯ ಹಾಗೆ ಘಮಘಮ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಕೇಳಿದ್ದು ಎರಡೇ ಮಾತು.

"ಎಂತ ಮಗು ಅತ್ತಿಗೆ? ಎಲ್ಲಿಟ್ರು?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ಅವತ್ತು ದೇವರು ಮಾಡಿದ ಮೂರು ಸಣ್ಣ ಉಪಕಾರಗಳನ್ನು ನೆನೆಯುವುದು ನನಗೆ ನನ್ನಮ್ಮ ಕಲಿಸಿದ ಅಭ್ಯಾಸ. ಅದನ್ನೇ ಅವಳಿಗೂ ಹೇಳಿಕೊಟ್ಟೆ. "ನೀನು ಬದುಕಿದ್ದೀಯಲ್ಲ, ಅದನ್ನು ಒಂದು ಅಂತ ಎಣಿಸು," ಅಂದೆ. ಎಂಥ ಮಾತು ಆಡಿದೆ! ಅವಳು ಎರಡು ದಿನ ಗಂಜಿ ಮುಟ್ಟಲಿಲ್ಲ.

ದಸರಾ ಕಳೆದ ಮೇಲೆ ಅವಳ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುವುದೆಂದು ಆಗಿತ್ತು. ಅಷ್ಟರೊಳಗೆ ಹುಡುಗಿ ಮನುಷ್ಯಳಾಗಬೇಕು. ಅವಳು ಒಂದು ಸಲ ಬಾಯಿಬಿಟ್ಟು ಅತ್ತರೆ ಸಾಕಿತ್ತು ನನಗೆ. ಅಲ್ಲಿಗೆ ಹೋದ ಮೇಲೆ ಅಳಲು ಬಿಡುವವರು ಯಾರೂ ಇರಲಿಲ್ಲ.

ಆಷಾಢದಲ್ಲಿ ಎಸ್ಟೇಟಿನ ಬಂಗಲೆಗೆ ಒಬ್ಬಳು ಬಿಳಿ ಹುಡುಗಿ ಬಂದಳು. ಅಮೆರಿಕದವಳು; ನಮ್ಮ ಹಳ್ಳಗಳ ಕಪ್ಪೆಗಳ ವಿಷಯ ಓದುತ್ತಿದ್ದಳು. ಗಮ್‌ಬೂಟು ಹಾಕಿಕೊಂಡು, ಕಿವಿಗೆ ವಾಕ್‌ಮನ್ ಸಿಗಿಸಿಕೊಂಡು ತೋಟವೆಲ್ಲ ತಿರುಗುತ್ತಿದ್ದಳು. ಕೂಲಿ ಲೈನಿನ ಹೆಂಗಸರು ಅವಳಿಗೆ ಕಪ್ಪೆ ಮೇಡಮ್ಮು ಎಂದು ಹೆಸರಿಟ್ಟರು. ನಾದಿನಿ ಬಿಎ ಮಾಡಿದವಳು, ಇಂಗ್ಲಿಷು ಬರುತ್ತಿತ್ತು. ಹಾಗಾಗಿ ಆ ಹುಡುಗಿ ಮಳೆ ಜೋರಾದಾಗ ನಮ್ಮ ಜಗಲಿಗೆ ಬಂದು ಕೂರುವಳು. ನಾದಿನಿ ಅವಳ ಹತ್ತಿರ ಏನು ಹೇಳಿಕೊಂಡಳೋ ನನಗೆ ಗೊತ್ತಿಲ್ಲ. ಊರಿಗೆ ಹೊರಡುವ ದಿನ ಆ ಹುಡುಗಿ ಒಂದು ಕ್ಯಾಸೆಟ್ಟನ್ನೂ ಅದರ ಪದಗಳನ್ನು ಕೈಯಲ್ಲಿ ಬರೆದ ನಾಲ್ಕು ಹಾಳೆಯನ್ನೂ ಕೊಟ್ಟು ಹೋದಳು. ಆ ಹುಡುಗಿಯ ಅಣ್ಣನ ಸ್ನೇಹಿತರು ಯಾರದ್ದೋ ಮನೆಯ ನೆಲಮಾಳಿಗೆಯಲ್ಲಿ ಹಾಡಿ ರೆಕಾರ್ಡ್ ಮಾಡಿದ್ದಂತೆ. ಅಂಗಡಿಯಲ್ಲಿ ಸಿಗುವುದಲ್ಲವಂತೆ. ಹಾರ್ಡ್‌ಕೋರ್ ಎಂದು ಒಂದು ಬಗೆಯ ಅಬ್ಬರದ ಸಂಗೀತವಂತೆ, ಅದು ಕಳೆದ ಮೇಲೆ ಹುಟ್ಟಿದ್ದು ಇದಂತೆ, ಪೋಸ್ಟ್-ಹಾರ್ಡ್‌ಕೋರ್.

ನಾದಿನಿ ಅದನ್ನು ನಮ್ಮವರ ಟೂ-ಇನ್-ಒನ್ ಟೇಪಿಗೆ ಹಾಕಿದಳು. ಒಂದೇ ತಂತಿ ಟಿಣ್ ಟಿಣ್ ಅನ್ನುತ್ತಿತ್ತು, ಯಾರೋ ಮೆಲ್ಲಗೆ ಮಾತಾಡುತ್ತಿದ್ದ. ಪರವಾಗಿಲ್ಲ ಅಂದುಕೊಳ್ಳುವಷ್ಟರಲ್ಲಿ ಆ ಗಂಡಸು ಕಿರುಚಿಕೊಂಡ. ನನ್ನ ಕೈಯ ಮೊರ ನೆಲಕ್ಕೆ ಬಿತ್ತು, ಅಕ್ಕಿ ಚೆಲ್ಲಿತು.

ನಮ್ಮವರು ಒಳಗಿನಿಂದ, "ಎಂತ ಮಾರಾಯ್ತಿ ಅದು, ಉರುಳಿಗೆ ಹಂದಿ ಬಿದ್ದಂಗೆ?" ಅಂದರು.

"ಹಾಡು ಅಣ್ಣ."

"ಹಾಡಾ? ಹಾಡೋನಿಗೆ ಯಾರಾದ್ರೂ ನೀರು ಕೊಡಿ ಹಂಗಾದ್ರೆ."

ನಾದಿನಿ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ. ಆ ನಗೆಯನ್ನು ಅವತ್ತು ದೀಪದ ಮುಂದೆ ಒಂದು ಅಂತ ಎಣಿಸಿದೆ.

ದಿನಾ ಮಧ್ಯಾಹ್ನ ಅದೇ. ನಾನು ವಿಷ್ಣು ಸಹಸ್ರನಾಮ ಕೇಳಿ ಬೆಳೆದವಳು. ಅದರಲ್ಲಿ ಯಾರೂ ಅರಚುವುದಿಲ್ಲ. ನನಗೆ ದೇವರ ಮನೆಯ ಪಕ್ಕದಲ್ಲಿ ಇದೇನು ಅನಿಷ್ಟ ಅನಿಸಿತು. ಒಂದು ದಿನ ತಡೆಯದೆ ಕೇಳಿಬಿಟ್ಟೆ.

"ಅಲ್ಲ ಮಾರಾಯ್ತಿ, ಅವನಿಗೆ ಎಂತ ಆಗಿದೆ?"

ಅವಳು ಹಾಳೆ ತೆಗೆದು, ಟೇಪನ್ನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತ ಹೋದಳು. ನಾನು ಹಲಸಿನ ಬೀಜ ಸುಲಿಯುತ್ತಿದ್ದೆ. ಅತ್ತೆ ಬಾಗಿಲ ಹತ್ತಿರ ಕಂಬಳಿ ಹೊದ್ದು ಕೂತಿದ್ದರು. ಆ ಹಾಡಿನವನಿಗಿಂತ ಮುಂಚೆ ಅವನ ಮನೆಯಲ್ಲಿ ಒಂದು ಕೂಸು ಆಗಬೇಕಾಗಿತ್ತಂತೆ. ಅದಕ್ಕೆಂದು ಅಪ್ಪ ಒಂದು ಕೋಣೆಗೆ ಹಳದಿ ಬಣ್ಣ ಬಳಿದಿದ್ದನಂತೆ. ಕೂಸು ಬರಲಿಲ್ಲ. ಅಪ್ಪ ಒಂದೇ ದಿನದಲ್ಲಿ ಕೋಣೆಗೆ ಬಿಳಿ ಬಣ್ಣ ಹೊಡೆದ. ಅಮ್ಮ ಕೂಸಿನ ಬಟ್ಟೆಯಿದ್ದ ಬೀರುವಿಗೆ ಬೀಗ ಹಾಕಿದಳು. ಆಮೇಲೆ ಹುಟ್ಟಿದ ಇವನನ್ನು ಅದೇ ಕೋಣೆಯಲ್ಲಿ ಮಲಗಿಸಿದರು. ಇವನು ಮಂಚದ ಹಿಂದಿನ ಗೋಡೆಯನ್ನು ಉಗುರಿನಿಂದ ಕೆರೆಯುತ್ತಾನೆ. ಊಟಕ್ಕೆ ಏನಿತ್ತು, ಕಿಟಕಿಯಲ್ಲಿ ಏನು ಕಂಡಿತು, ಎಲ್ಲ ಸುಮ್ಮನೆ ನಮ್ಮ ಹಾಗೆ ಮಾತಾಡುತ್ತಲೇ ಹೇಳುತ್ತಾನೆ. ಕೆರೆದು ಕೆರೆದು ಬಿಳಿಯ ಅಡಿಯಲ್ಲಿ ಹಳದಿ ಕಾಣಿಸುತ್ತದೆ. ಆಗ ಕಿರುಚುತ್ತಾನೆ.

ಅಷ್ಟು ಹೇಳಿ ನಾದಿನಿ ಹಾಳೆ ಮಡಚಿ ಟೇಪು ಒತ್ತಿದಳು. ಅವನು ಕಿರುಚಿದ. ಈ ಸಲ ಅದು ನನಗೆ ಅರಚಾಟವಾಗಿ ಕೇಳಲಿಲ್ಲ. ಮನೆಯವರೆಲ್ಲ ಸೇರಿ ಬಾಯಿ ಮುಚ್ಚಿಸಿದ್ದವನು ಒಂದು ಸಲ ಕೈ ಕೊಡವಿ ಕೂಗಿದ ಹಾಗೆ ಕೇಳಿತು. ಕೈಯಲ್ಲಿ ಹಲಸಿನ ಬೀಜ ಹಾಗೇ ಉಳಿಯಿತು.

ಅತ್ತೆ ಯಾರ ಮುಖವನ್ನೂ ನೋಡದೆ, "ಹೆಣ್ಣು," ಅಂದರು.

ನಾದಿನಿ ಟೇಪು ನಿಲ್ಲಿಸಿದಳು.

"ಹೆಣ್ಣು ಮಗ. ತಲೆ ತುಂಬ ಕೂದ್ಲಿತ್ತು. ನಿನ್ ಹಂಗೇ."

"ಎಲ್ಲಿ ಅಮ್ಮ?"

"ಅದು ನಂಗೂ ಗೊತ್ತಿಲ್ಲ. ನಿನ್ ಅಣ್ಣಂಗೆ ಗೊತ್ತು. ಕೇಳು."

ಅವಳು ಅಳಲಿಲ್ಲ. ಆದರೆ ಅವತ್ತು ತಾನೇ ಬಡಿಸಿಕೊಂಡು ಉಂಡಳು. ಅಣ್ಣನನ್ನು ಕೇಳಲು ಧೈರ್ಯ ಕೂಡಿಸಿಕೊಳ್ಳುತ್ತಿದ್ದಳು. "ಇನ್ನೊಂದು ಸಲ ಕೇಳ್ಕೊಂಡು ಕೇಳ್ತೀನಿ ಅತ್ತಿಗೆ," ಅನ್ನುವಳು. ಟೇಪು ಕೇಳಿದರೆ ಅಣ್ಣನ ಮುಂದೆ ಬಾಯಿ ಬರುತ್ತದೆ ಎಂಬ ನಂಬಿಕೆ ಅವಳಿಗೆ. ಅತ್ತೆಯೂ ಸಂಜೆ ಹೊತ್ತು, "ಹಾಕೇ, ಆ ಕೂಗೋನ್ನ," ಅನ್ನುತ್ತಿದ್ದರು.

ನಮ್ಮ ಮಳೆ ಗೊತ್ತಲ್ಲ. ಚಪ್ಪಲಿಗೆ, ಬೆಲ್ಟಿಗೆ, ದೇವರ ಫೋಟೋದ ಚೌಕಟ್ಟಿಗೆ ಬೂಸ್ಟು ಬಂದ ಹಾಗೆ ಕ್ಯಾಸೆಟ್ಟಿನ ರೀಲಿಗೂ ಬಿಳಿ ಬೂಸ್ಟು ಬಂತು. ಅವನ ಧ್ವನಿ ಗೋಣಿ ಒಳಗಿನಿಂದ ಬಂದಂತೆ ಮಂಕಾಯಿತು. ನಾದಿನಿ ಪೆನ್ಸಿಲು ಹಾಕಿ ತಿರುಗಿಸಿ ತಿರುಗಿಸಿ ಊದುವಳು. ಒಂದು ಶುಕ್ರವಾರ ಅವಳು ಡಾಕ್ಟರಿಗೆ ತೋರಿಸಲು ಅತ್ತೆಯ ಜೊತೆ ಮೂಡಿಗೆರೆಗೆ ಹೋಗಿದ್ದಳು. ಬರುವಷ್ಟರಲ್ಲಿ ಸರಿಮಾಡಿಡೋಣ ಅಂತ ನನಗೆ ಹುಮ್ಮಸ್ಸು. ಒದ್ದೆಯಾದದ್ದು, ಬೂಸ್ಟು ಹಿಡಿದದ್ದು ಎಲ್ಲವನ್ನೂ ನಾವು ಏನು ಮಾಡುತ್ತೇವೆ? ಬುಟ್ಟಿಯ ಮೇಲೆ ಇಡುತ್ತೇವೆ. ಕ್ಯಾಸೆಟ್ಟನ್ನು ಒಂದು ತೆಳು ಬಟ್ಟೆಯಲ್ಲಿ ಸುತ್ತಿ, ನಮ್ಮವರ ಬನಿಯನ್ನುಗಳ ಮಧ್ಯೆ ಇಟ್ಟೆ. ಸುತ್ತಿದ ಬಟ್ಟೆ ಆ ವಾಯಿಲ್ ಚೌಕಗಳಲ್ಲಿ ಒಂದು. ಐದು ನಿಮಿಷ ಸಾಕು ಅಂದುಕೊಂಡು ದೇವರ ಮುಂದೆ ಕೂತೆ.

ಅವತ್ತು ಎಣಿಸಲು ಬಹಳ ಇತ್ತು. ಅವಳು ಊಟ ಮಾಡುತ್ತಿದ್ದಳು. ಅಮ್ಮ ಮಗಳು ಮಾತಾಡುತ್ತಿದ್ದರು. ಹಿಂದಿನ ದಿನ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದಳು. ಮೂರಕ್ಕೆ ನಿಲ್ಲಿಸದೆ ಹೇಳುತ್ತಲೇ ಹೋದೆ.

ವಾಸನೆ ಬಂದಾಗ ಎದ್ದೆ. ಬನಿಯನ್ನುಗಳಿಗೆ ಏನೂ ಆಗಿರಲಿಲ್ಲ. ಕ್ಯಾಸೆಟ್ಟು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗಿ ಬಟ್ಟೆಗೆ ಅಂಟಿಕೊಂಡಿತ್ತು. ಎಳೆದರೆ ರೀಲು ಸುರುಟಿಕೊಂಡು ತುಂಡು ತುಂಡಾಗಿ ಬಂತು.

ಅವಳು ಬಂದಳು, ನೋಡಿದಳು. ನಾನು ಕಾಲಿಗೆ ಬೀಳುವುದೊಂದು ಬಾಕಿ. "ಒಣಗಲಿ ಅಂತ ಇಟ್ಟೆ ಕಣೇ. ನಿಂಗೋಸ್ಕರ ಇಟ್ಟೆ," ಅಂದೆ.

"ಇರ್ಲಿ ಬಿಡಿ ಅತ್ತಿಗೆ," ಅಂದಳು. ಬುಟ್ಟಿಯ ಕಡೆ ತಿರುಗಿ, "ಅಣ್ಣನ ಬನಿಯನ್ ಒಣಗಿತಾ?" ಅಂತ ಕೇಳಿದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ ಎಂಬುದನ್ನು ಉಪಕಾರಗಳಲ್ಲಿ ಸೇರಿಸಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾಲ್ಕು ದಿನ ಬಿಟ್ಟು ನಾನೇ ಹೇಳಿದೆ, "ಹಾಳೆ ಇದೆಯಲ್ಲ, ನೀನೇ ಓದು. ನಾನೂ ಅತ್ತೆಯೂ ಕೂತು ಕೇಳ್ತೀವಿ."

"ಪದ ಎಂತಕ್ಕೆ ಅತ್ತಿಗೆ? ಪದ ನನ್ ಹತ್ರಾನೂ ಇತ್ತು. ಕೂಗೋಕೆ ಅವನೊಬ್ಬ ಇದ್ದ."

ಕಪ್ಪೆ ಮೇಡಮ್ಮಿನ ವಿಳಾಸಕ್ಕಾಗಿ ಬಂಗಲೆಯಲ್ಲಿ ವಿಚಾರಿಸಿದೆ. ಬಟ್ಲರು ಒಂದು ಚೀಟಿ ಹುಡುಕಿ ಕೊಟ್ಟ. ನಮ್ಮವರ ಕೈಯಲ್ಲಿ ಇಂಗ್ಲಿಷಿನಲ್ಲಿ ಪತ್ರ ಬರೆಸಿ ಹಾಕಿದೆ. ಉತ್ತರ ಬರಲಿಲ್ಲ. ನಾದಿನಿ ಮತ್ತೆ ಗೋಡೆ ಕಡೆ ತಿರುಗಿದಳು. ಅಣ್ಣನನ್ನು ಕೇಳಲೇ ಇಲ್ಲ. ಕೊನೆಗೆ ನಾನು ಕೇಳಿದೆ.

"ಎಲ್ಲಿ ಇಟ್ರಿ ಹೇಳಿಬಿಡಿ. ನಾನು ಅವಳಿಗೆ ಹೇಳ್ತೀನಿ."

ಅವರು ಚಾವಣಿ ನೋಡುತ್ತ ಹೇಳಿದರು, "ಗುರುತು ಇಟ್ಟಿಲ್ಲ ಮಾರಾಯ್ತಿ. ಮಳೆ ಹೊಯ್ತಿತ್ತು. ಅವಳ ಗಂಡಾನೂ ನಾನೂ ಬೇಗ ಬೇಗ ಮುಗಿಸಿ ಬಂದ್ವಿ. ಈಗ ಹೋದ್ರೆ ನಂಗೂ ಸಿಗಲ್ಲ."

ಇದನ್ನು ನಾನು ಅವಳಿಗೆ ಹೇಗೆ ಹೇಳಲಿ? ಹೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ನಮ್ಮ ಮನೆಗೆ ಬಂದದ್ದು ಎರಡೇ ಸಲ. ಮತ್ತೆ ಮಕ್ಕಳಾಗಲಿಲ್ಲ. ಅದರಲ್ಲೊಂದು ಅತ್ತೆ ತೀರಿಕೊಂಡ ದಿನ; ಹೆಂಗಸರೆಲ್ಲ ಗೋಳೋ ಅನ್ನುವಾಗ ಅವಳೊಬ್ಬಳು ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದಳು. ಅಳುವುದು ಅವಳಿಗೆ ಮರೆತೇಹೋಗಿತ್ತು.

ಅದೆಲ್ಲ ಆಮೇಲಿನ ಮಾತು. ಆ ವರ್ಷ ಕರೆದುಕೊಂಡು ಹೋಗಲು ಅವಳ ಗಂಡನೂ ಅವನ ಅಣ್ಣ ಅತ್ತಿಗೆಯರೂ ದಸರಾ ಕಳೆದ ವಾರ ಬಂದರು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. "ಚೆನ್ನಾಗಿ ಸುಧಾರ್ಸಿದಾಳೆ, ಮೈ ಕೈ ತುಂಬ್ಕೊಂಡಿದಾಳೆ," ಎಂದರು ಆ ಅತ್ತಿಗೆ. ನಾನು ಕಾಫಿ ಕೊಟ್ಟೆ, ಕುಂಕುಮ ಕೊಟ್ಟೆ, ಉಡಿ ತುಂಬಿದೆ. ಆ ನಾಲ್ಕು ಹಾಳೆಗಳನ್ನು ಅವಳ ಬ್ಯಾಗಿನಲ್ಲಿ ಸೀರೆಯ ಮಧ್ಯೆ ಇಟ್ಟೆ. ಅವಳು ನೋಡಿದಳು, ಹೊರಗೆ ತೆಗೆದಳು, ನನ್ನ ಕೈಗೇ ಕೊಟ್ಟಳು.

"ನಿಮ್ಮತ್ರನೇ ಇರ್ಲಿ. ಅಲ್ಲಿ ಯಾರಾದ್ರೂ ನೋಡಿದ್ರೆ ಎಂತದಿದು ಅಂತಾರೆ."

ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ಅತ್ತೆ ಅಂಗಳದಲ್ಲಿ ನಿಂತಿದ್ದರು. ನಾನು ಒಳಗೆ ಬಂದೆ. ಹಾಳೆಗಳನ್ನು ದೇವರ ಪಟದ ಹಿಂದೆ ಸಿಗಿಸಿದೆ. ಅವತ್ತಿನ ಉಪಕಾರಗಳನ್ನು ಎಣಿಸಲು ಹೋಗಲಿಲ್ಲ. ಜಗಲಿಯಲ್ಲಿ ಕಾಫಿ ಕುಡಿದ ಲೋಟಗಳು ಹಾಗೇ ಇದ್ದವು. ಅವಳ ಲೋಟದಲ್ಲಿ ಕಾಫಿ ಮುಟ್ಟದೆ ತಣ್ಣಗಾಗಿ ಕೆನೆ ಕಟ್ಟಿತ್ತು. ಅದನ್ನು ಬಚ್ಚಲಿಗೆ ಚೆಲ್ಲಿ, ಬೂದಿ ತೆಗೆದುಕೊಂಡು ಲೋಟ ಉಜ್ಜಲು ಕೂತೆ.