ಚಿಗುಸಾಳ ಮೊದಲ ಏಟು

ಸೆಕಿ ಊರಿನ ಹಾಸೆಬೆ ಮನೆತನದ ಕತ್ತಿವರಸೆಯ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ನೆನೆಸಿ ಸುತ್ತಿದ ಚಾಪೆಯ ಸುರುಳಿಯನ್ನು ಮನೆಯವರಲ್ಲಿ ಯಾರು ಮೊದಲ ಏಟಿಗೇ ತುಂಡು ಮಾಡುತ್ತಾರೋ, ಗರಡಿ ಅವರ ಕೊರಳಿಗೆ. ಊರವರ ಕಣ್ಣಿಗೆ ಅದು ಹಾರ. ಸೊಸೆ ಚಿಗುಸಾಳಿಗೆ ಮಾತ್ರ ಅದು ನೇಣು.

ಗಂಡ ನೊಬುತೆರು ತೀರಿಹೋಗಿ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮದುವೆಗೆ ಮುಂಚೆ ಕ್ಷೌರದ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದ ಕೈ ಈಗ ಗರಡಿಯ ಹಿಂದಿನ ಕೋಣೆಯಲ್ಲಿ ಚಹಾ ಸೋಸುತ್ತಿತ್ತು. ಉತ್ತರದ ಒಟಾರುವಿನಲ್ಲಿ ಅಂಥದೇ ಅಂಗಡಿ ಇಟ್ಟಿದ್ದ ಗೆಳತಿ ಸಾಯೊ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ಒಂದು ಕುರ್ಚಿ ಖಾಲಿ ಇಟ್ಟಿದ್ದೀನಿ ಕಣೇ. ಈ ತಿಂಗಳು ಬಂದ್ರೆ ನಿಂದು. ಆಮೇಲೆ ಅತ್ತರೂ ಇಲ್ಲ."

ಅಷ್ಟರಲ್ಲಿ ಮಾವ ಇಸಾಬುರೊ ಬರುವ ಭಾನುವಾರ ಸೊಸೆಯ ಮೊದಲ ಏಟು ಎಂದು ಶಿಷ್ಯರಿಗೆಲ್ಲ ಸಾರಿಬಿಟ್ಟರು.

"ನನ್ನಂಥವಳ ಕೈಲಿ ಆಗೋ ಕೆಲಸವಲ್ಲ ಮಾವ," ಎಂದಳು ಚಿಗುಸಾ. ಮಾರನೆಯ ದಿನವೂ ಅದನ್ನೇ ಹೇಳಿದಳು. ಮೂರನೆಯ ಸಲ ನೆಲಕ್ಕೆ ಹಣೆ ಹಚ್ಚಿ ಹೇಳಿದಳು. ಮಾವನವರ ಮುಖ ಅರಳುತ್ತಲೇ ಹೋಯಿತು. ಆ ಊರಿನಲ್ಲಿ ದೊಡ್ಡ ಹೊಣೆ ಬಂದಾಗ ಮೂರು ಸಲ ಒಲ್ಲೆ ಎನ್ನುವುದೇ ಮರ್ಯಾದೆ. ಒಮ್ಮೆಗೇ ಹೂಂ ಎಂದವರು ಒರಟರು. ನಿಜವಾಗಿ ಒಲ್ಲದವರು ಏನೆನ್ನಬೇಕು? ಅದನ್ನು ಯಾವ ಹಿರಿಯರೂ ಕಲಿಸಿರಲಿಲ್ಲ.

ಸರಿ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳೊಂದು ಉಪಾಯ ಹೂಡಿದಳು. ಗಂಡಸರು ಹಲ್ಲು ಕಚ್ಚಿ ಬೀಸುವ ಸದ್ದು ಒಳಕೋಣೆಗೆ ದಿನವೂ ಕೇಳುತ್ತಿತ್ತು. ಅಷ್ಟು ಬಲ ಬೇಕಾದರೆ, ಬಲ ಬಿಟ್ಟರೆ ಸಾಕಲ್ಲ! ಕತ್ತಿ ಚಾಪೆಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಎಲ್ಲರೂ ಅಯ್ಯೋ ಎನ್ನುತ್ತಾರೆ, ತಾನು ರೈಲು ಹತ್ತಬಹುದು.

ಭಾನುವಾರ ಗೂಟದ ಮೇಲೆ ಸುರುಳಿ ನಿಂತಿತ್ತು. ಸಾಲಾಗಿ ಮಂಡಿಯೂರಿದ್ದ ಶಿಷ್ಯರಲ್ಲಿ ನೂಡಲ್ಸ್ ಅಂಗಡಿಯ ತಮಾಕಿ ಬಾಯಿ ಮುಚ್ಚುವವನಲ್ಲ.

"ಅಕ್ಕಾ, ನಾನು ಮೊದಲನೇ ದಿನ ಕತ್ತಿ ಸಿಗಿಸಿ, ಗೂಟ ಸಮೇತ ಕಿತ್ಕೊಂಡು ಬಿದ್ದಿದ್ದೆ. ಅದಕ್ಕಿಂತ ಕೆಟ್ಟದಾಗಿ ಯಾರ ಕೈಲೂ ಆಗಲ್ಲ, ಹೊಡೀರಿ!"

ನಿನ್ನ ಬಾಯಿಗೆ ಸಕ್ಕರೆ ಹಾಕ, ಹಾಗೇ ಆಗಲಿ ಎಂದುಕೊಂಡಳು ಚಿಗುಸಾ. ಕತ್ತಿ ಎಣಿಸಿದ್ದಕ್ಕಿಂತ ಭಾರವಾಗಿತ್ತು. ಮೇಲೆತ್ತಿದಳು. ಭುಜ ಇಳಿಬಿಟ್ಟಳು, ಬಲಗೈಯನ್ನು ಹಿಡಿಗೆ ಸುಮ್ಮನೆ ತಾಗಿಸಿದಳು, ಕತ್ತಿಯನ್ನು ಅದರ ಪಾಡಿಗೆ ಬೀಳಗೊಟ್ಟಳು.

ಏನೂ ತಗುಲಿದಂತಾಗಲಿಲ್ಲ. ತಪ್ಪಿತು, ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಸುರುಳಿಯ ಮೇಲರ್ಧ ಓರೆಯಾಗಿ ಜಾರಿ ನೆಲಕ್ಕೆ ಬಿತ್ತು.

"ಅಬ್ಬಬ್ಬಾ!" ತಮಾಕಿ ತೊಡೆ ತಟ್ಟಿದ. "ಬಲಗೈ ಸಡಿಲ ಬಿಡೋ ಅಂತ ಗುರುಗಳು ಹನ್ನೊಂದು ವರ್ಷದಿಂದ ನಂಗೆ ಬಯ್ತಿದ್ದಾರೆ. ನಿಮಗ್ಯಾರು ಹೇಳ್ಕೊಟ್ರು?"

ಚಿಗುಸಾಳಿಗೆ ಅಳು ಬಂತು. ಸಂತೋಷದ ಕಣ್ಣೀರು ಎಂದು ಎಲ್ಲರೂ ತಲೆಬಾಗಿದರು. ಅಡಕತ್ತರಿಗೆ ಸಿಕ್ಕಿದ ಅಡಿಕೆಯಾಗಿತ್ತು ಅವಳ ಬಾಳು. ಆಗ, ಆ ಮನೆಗೆ ಕಾಲಿಟ್ಟ ಮೇಲೆ ಮೊದಲ ಬಾರಿ, ಅವಳು ಮರ್ಯಾದೆ ಬಿಟ್ಟು ಮಾತಾಡಿದಳು.

"ಮಾವ, ನಂಗೆ ಈ ಗರಡಿ ಬೇಡ. ಮರ್ಯಾದೆಗೆ ಹೇಳ್ತಿಲ್ಲ. ನಿಜವಾಗ್ಲೂ ಬೇಡ. ನಾನು ಒಟಾರುಗೆ ಹೋಗ್ತೀನಿ."

ತಮಾಕಿ ನೆಲ ನೋಡಿದ. ಈ ಸಲ ಅವಳ ಮಾತು ಮಾವನವರಿಗೆ ಸರಿಯಾಗಿಯೇ ಕೇಳಿಸಿತ್ತು. ಅದು ಅವರ ಕಣ್ಣಿನಲ್ಲೇ ಕಂಡಿತು. ಅವರು ಅವಳ ಕೈಯಿಂದ ಕತ್ತಿ ತೆಗೆದುಕೊಂಡು, ಒರೆಸಿ, ಸಿಟ್ಟಿಲ್ಲದೆ ಹೇಳಿದರು:

"ನಿಮ್ಮತ್ತೇನೂ ಮೊದಲ ಏಟು ಹೊಡೆದು, ಇದೇ ಜಾಗದಲ್ಲಿ ನಿಂತು, ಇದೇ ಮಾತು ಹೇಳಿದ್ಲು ಕಣಮ್ಮ. ಸಾಯೋವರೆಗೂ ಇಲ್ಲೇ ಪಾಠ ಹೇಳಿದ್ಲು. ಹೂಂ, ಇನ್ನೊಂದು ಸುರುಳಿ ನಿಲ್ಲಿಸು."

ಎಲ್ಲರೂ ಕಾಯುತ್ತಿದ್ದರು. ಚಿಗುಸಾ ಬಗ್ಗಿ ಹೊಸ ಸುರುಳಿಯನ್ನು ಎತ್ತಿಕೊಂಡಳು.