ಬರಿ ಕಲ್ಲು ಬೀಸಬಾರದು

‘ಮುಟ್ಟಬೇಡಿ’ ಎಂಬ ಫಲಕ ಕಂಡರೆ ನನ್ನ ಬಲಗೈಗೆ ಜ್ಞಾನದಾಹ ಹುಟ್ಟುತ್ತದೆ. ಅಲ್ಲಿಯವರೆಗೆ ಸಭ್ಯ ಗೃಹಸ್ಥನಂತೆ ಜೇಬಿನಲ್ಲಿ ಮಲಗಿದ್ದದ್ದು ಆ ನಾಲ್ಕಕ್ಷರ ಓದಿದೊಡನೆ ಎದ್ದು ಕೂರುತ್ತದೆ. ಬಾಗಿಲಿನ ಬಣ್ಣ ನಿಜವಾಗಿಯೂ ಹಸಿಯೇ ಎಂದು ಪರೀಕ್ಷಿಸಿ, ಹಸಿರು ಬೆರಳಿನಲ್ಲೇ ಮದುವೆಗೆ ಹೋಗಿ, ವರನ ಪೇಟಕ್ಕೂ ಆ ಸಂಶೋಧನೆಯ ಫಲವನ್ನು ಹಂಚಿ ಬಂದವನು ನಾನು.

ಬೆಳಕವಾಡಿಯ ಹತ್ತಿರ ಪಟೇಲರ ಹಳೆಯ ತೊಟ್ಟಿಮನೆಯೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆಂದು ಕೇಳಿ ಹೊರಟಾಗ, ಹೆಂಡತಿ ಹೇಳಿದ್ದು ಒಂದೇ ಮಾತು: ಕೈ ಕಟ್ಟಿಕೊಂಡು ನೋಡಿ. ಮದ್ದೂರಿನಲ್ಲಿ ವಡೆ ತಿಂದು, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಆ ಮನೆಯ ಹೊಸ್ತಿಲು ದಾಟುವವರೆಗೂ ಅದನ್ನು ಪಾಲಿಸಿದೆ.

ಮನೆ ಚೆನ್ನಾಗಿತ್ತು. ನಡುವಿನ ತೊಟ್ಟಿಗೆ ಬಿದ್ದ ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುತ್ತಿತ್ತು. ಗಾಜಿನ ಹಿಂದೆ ಪಟೇಲರ ಊರುಗೋಲು, ಪಕ್ಕದಲ್ಲಿ ತೊಟ್ಟಿಲು. ಅದರಲ್ಲಿ ಅತ್ತವರಲ್ಲಿ ಎಷ್ಟು ಮಂದಿ ಮುಂದೆ ಪಟೇಲರಾಗಿ ಊರನ್ನೇ ಅಳಿಸಿದರೋ ಎಂದು ಯೋಚಿಸುತ್ತ ಅಡುಗೆಮನೆಗೆ ಬಂದರೆ, ಮೂಲೆಯಲ್ಲಿ ರಾಗಿಕಲ್ಲು, ಅದರ ಮುಂದೆ ಅದೇ ‘ಮುಟ್ಟಬೇಡಿ’ ಫಲಕ. ಅತ್ತಿತ್ತ ನೋಡಿ, ಗೂಟ ಹಿಡಿದು ಒಂದು ಸುತ್ತು ತಿರುಗಿಸಿದೆ. ಕಲ್ಲಿನ ಅಂಚಿನಿಂದ ಹೊಸ ಹಿಟ್ಟು ಉದುರಿತು! ಸಂಗ್ರಹಾಲಯದ ವಸ್ತುವೊಂದು ಕೆಲಸ ಮಾಡುವುದನ್ನು ನಾನು ಕಂಡದ್ದು ಅದೇ ಮೊದಲು.

“ತಿರುಗ್ಸುದ್ರಾ? ಸರಿ ಬುಡಿ, ಕಾಳಿತ್ತು,” ಎಂಬ ದನಿ ಬೆನ್ನ ಹಿಂದೆ ಕೇಳಿಸಿತು. ಚಿಕ್ಕತಾಯಮ್ಮ, ಈ ಮನೆಯ ಕಿರಿಸೊಸೆ. ಮನೆ ಸಂಗ್ರಹಾಲಯವಾದ ಮೇಲೂ ಬೀಗದ ಕೈ ಆಕೆಯ ಸೊಂಟದಲ್ಲೇ ಇದೆ. “ಬಂದೋರೆಲ್ಲ ನಾನು ಅತ್ತಗೆ ತಿರುಗುದ್ರೆ ಸಾಕು, ಇದ್ನ ತಿರುಗುಸ್ತಾರೆ. ಬರಿ ಕಲ್ಲು ಬೀಸುದ್ರೆ ಮನೆ ಬರಿದಾಯ್ತದೆ ಕಣಪ್ಪ. ಅದ್ಕೆ ಬೆಳಿಗ್ಗೆನೇ ಒಂದಿಡಿ ರಾಗಿ ಆಕ್ಬುಡ್ತೀನಿ.”

ಮನೆಯವರೆಲ್ಲ ಎಂದೋ ಚದುರಿಹೋದ ಈ ಮನೆಯಲ್ಲಿ ಇನ್ನು ಬರಿದಾಗುವುದು ಏನಿದೆ? ಕುತೂಹಲ ತಡೆಯದೆ ಕೇಳಿಯೇಬಿಟ್ಟೆ.

“ನಾನಿಲ್ವಾ?” ಎಂದರು. ನನಗೆ ನಾಚಿಕೆಯಾಯಿತು.

ಆದರೆ ಸಂಗ್ರಹಾಲಯ ಸಮಿತಿಯ ಮೇಲ್ವಿಚಾರಕರಿಗೆ ಹಿಟ್ಟು ಎಂದರೆ ಇರುವೆ, ಇಲಿ, ವಸ್ತುನಾಶ. ಇನ್ನೊಮ್ಮೆ ಹಿಟ್ಟು ಕಂಡರೆ ಬೀಗದ ಕೈ ಬೇರೆಯವರಿಗೆ ಎಂದು ಹೋದ ಸಲವೇ ಹೇಳಿದ್ದರಂತೆ. ಇವತ್ತೇ ತಪಾಸಣೆ. ಆಕೆ ಹಿಟ್ಟು ಗುಡಿಸಲು ಪೊರಕೆ ತರುವಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು.

ಮೇಲ್ವಿಚಾರಕರು ಕೆರಗೋಡಿನ ಕಡೆಯ ನಡುವಯಸ್ಸಿನವರು. ಕಂಕುಳಲ್ಲಿ ಫೈಲು ಇಟ್ಟುಕೊಂಡು ಹಿಟ್ಟನ್ನು ನೋಡಿದರು, ಹಿಟ್ಟು ಮೆತ್ತಿದ್ದ ನನ್ನ ಬೆರಳನ್ನೂ ನೋಡಿದರು. ತಿರುಗಿಸಿದವನು ನಾನೇ ಎಂದು ಒಪ್ಪಿಕೊಂಡೆ. “ನೀವು ತಿರುಗ್ಸುದ್ರಿ, ರಾಗಿ ಆಕ್ದೋರ್ ಯಾರು?” ಎಂದು ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. “ಏನಮ್ಮ, ಎಷ್ಟ್ ಸಲ ಏಳೋದು ನಿಮ್ಗೆ?” ಎನ್ನುತ್ತಲೇ ಅವರ ಕೈ, ತನಗೂ ಯಜಮಾನರಿಗೂ ಸಂಬಂಧವೇ ಇಲ್ಲವೆಂಬಂತೆ, ಗೂಟ ಹಿಡಿದು ತಿರುಗಿಸತೊಡಗಿತು. ನನ್ನದೇ ಜಾತಿಯ ಕೈ!

ಕಾಳು ಮುಗಿದು ಕಲ್ಲು ಗರಗರ ಎಂದಿತು. ಚಿಕ್ಕತಾಯಮ್ಮ ಪೊರಕೆ ಕೆಳಗಿಟ್ಟರು. ಬೀಗದ ಕೈ ಹೋದರೆ ಹೋಗಲಿ ಎಂದುಕೊಂಡರೇನೋ, ಮಡಿಲಿನಿಂದ ಒಂದು ಹಿಡಿ ರಾಗಿ ತೆಗೆದು, ಅವರ ಕಣ್ಣೆದುರಿಗೇ ಕಲ್ಲಿನ ಬಾಯಿಗೆ ಹಾಕಿದರು.

ಮೇಲ್ವಿಚಾರಕರು ಬೈಯಲಿಲ್ಲ, ತಿರುಗಿಸುವುದನ್ನು ನಿಲ್ಲಿಸಲೂ ಇಲ್ಲ. ಆ ಹಿಡಿ ಪೂರ್ತಿ ಹಿಟ್ಟಾಗುವವರೆಗೆ ಬೀಸಿದರು. “ನಮ್ಮವ್ವನೂ ಇಂಗೇಯ, ಬರಿ ಕಲ್ಲು ಮುಟ್ಟಕ್ಕೇ ಬುಡ್ತಿರ್ನಿಲ್ಲ,” ಎಂದು ಎದ್ದು ಕೈ ಒರೆಸಿಕೊಂಡರು. ಫೈಲಿನಲ್ಲಿ ಅವರು ಬರೆದದ್ದನ್ನು ಇಣುಕಿ ಓದಿದೆ. ಆ ಚಾಳಿಯೂ ನನಗಿದೆ. ‘ರಾಗಿಕಲ್ಲು: ಸುಸ್ಥಿತಿಯಲ್ಲಿದೆ.’ ಬೀಗದ ಕೈಯ ಮಾತನ್ನು ಯಾರೂ ಎತ್ತಲಿಲ್ಲ.

ಹೊರಡುವಾಗ ಮತ್ತೆ ಅಡುಗೆಮನೆಗೆ ಹೋದೆ. ಫಲಕ ಹಾಗೆಯೇ ಇತ್ತು, ಬಲಗೈ ಎಂದಿನಂತೆ ಎದ್ದು ಕೂತಿತು. ನಾನು ಅದನ್ನು ಚಿಕ್ಕತಾಯಮ್ಮನ ಮುಂದೆ ಚಾಚಿ, ಮೊದಲು ಒಂದು ಹಿಡಿ ರಾಗಿ ಕೇಳಿದೆ.