ಓರೆಸ್ಟನ ಎಡಗೈ

ಓರೆಸ್ಟ್ ಮೆಲ್ನಿಕ್‌ಗೆ ಲಕ್ವ ಹೊಡೆದದ್ದು ಅಕ್ಟೋಬರಿನಲ್ಲಿ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು, ಒಂದೇ ಒಂದು ಪದ ಬಿಟ್ಟು. 'ನಾಳೆ.' ನೀರು ಬೇಕಾದರೂ ನಾಳೆ, ನೋವಾದರೂ ನಾಳೆ. ಸಸ್ಕಾಚವಾನ್ ಬಯಲಿನ ನಮ್ಮ ಸುತ್ತಲ ಊರುಗಳಲ್ಲಿ ಮೂವತ್ತು ವರ್ಷ ವಾಷಿಂಗ್ ಮಷೀನು ರಿಪೇರಿ ಮಾಡಿಕೊಂಡಿದ್ದವನು ಅವನು. ಯಾರು ಫೋನ್ ಮಾಡಿದರೂ 'ನಾಳೆ ಬರ್ತೀನಿ' ಅನ್ನುವುದೇ ರೂಢಿ. ಅದೊಂದು ನಾಲಿಗೆಗೆ ಅಂಟಿಕೊಂಡಿದೆ ಎಂದು ಊರಿನವರು ನಕ್ಕರು. ಅವನ ಹೆಂಡತಿ ನೆಟ್ಟಿ ನಗಲಿಲ್ಲ.

ನಾನು ಪಕ್ಕದ ಮನೆಯವಳು, ವೆರಾ. ದಿನಕ್ಕೆ ನಾಲ್ಕು ಸಲ ಅವನ ಹಾಸಿಗೆಯ ಬಟ್ಟೆ ಬದಲಿಸಬೇಕಾಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಜನವರಿಯ ಹಿಮಗಾಳಿಯಲ್ಲಿ ಹೆದ್ದಾರಿ ಮುಚ್ಚಿದ ವಾರವೇ ಅವರ ಮನೆಯ ಮಷೀನು ಕೈಕೊಟ್ಟಿತು. ರಿಪೇರಿಯವನು ಇರುವುದು ನೂರೈವತ್ತು ಕಿಲೋಮೀಟರ್ ಆಚೆ. ದಾರಿ ತೆರೆದ ಮೇಲೆ ನೋಡೋಣ ಎಂದನಂತೆ.

ನೆಟ್ಟಿ ಐದು ದಿನ ಸ್ನಾನದ ತೊಟ್ಟಿಯಲ್ಲಿ ಕೈಯಿಂದ ಒಗೆದಳು. ಸಂಧಿವಾತದ ಬೆರಳುಗಳಿಗೆ ಹಿಂಡುವ ಶಕ್ತಿ ಇರಲಿಲ್ಲ. ಬಟ್ಟೆ ಒಣಗುತ್ತಲೂ ಇರಲಿಲ್ಲ. ಹಸಿ ಹಾಸಿಗೆಯಿಂದ ಓರೆಸ್ಟನ ಸೊಂಟದ ಮೇಲೆ ಹುಣ್ಣೆದ್ದಿತು. ನಮ್ಮೂರಲ್ಲೇ ಇದ್ದು ವಾರಕ್ಕೊಮ್ಮೆ ಬರುವ ನರ್ಸ್ ಅದನ್ನು ನೋಡಿ, "ನೆಟ್ಟಿ, ಮುಂದಿನ ಸಲ ಬಂದಾಗ ಇದು ದೊಡ್ಡದಾಗಿದ್ರೆ ಅವರನ್ನ ಸಿಟಿ ವೃದ್ಧಾಶ್ರಮಕ್ಕೆ ಕಳಿಸ್ಲೇಬೇಕು. ನನ್ ಕೈಯಲ್ಲಿಲ್ಲ," ಎಂದು ಹೇಳಿ ಹೋದಳು.

ಮಾರನೆಯ ದಿನ ಮಧ್ಯಾಹ್ನ ಬೀಟ್‌ರೂಟ್ ಸೂಪು ತೆಗೆದುಕೊಂಡು ಹೋದೆ. ಒಣಗಿದ್ದೆಂದು ಕೊನೆಯದಾಗಿ ಉಳಿದಿದ್ದ ಮೇಜುಬಟ್ಟೆಯನ್ನು ನೆಟ್ಟಿ ಗಂಡನ ಕೆಳಗೆ ಹಾಸಿದ್ದಳು, ಕ್ರಿಸ್‌ಮಸ್ ಕಸೂತಿ ಇದ್ದದ್ದು. ಆಮೇಲೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಷೀನಿನ ಮುಂದೆ ತಂದು ನಿಲ್ಲಿಸಿ, ಗುಂಡಿ ಒತ್ತಿ ಅದನ್ನು ಓಡಿಸಿದಳು.

"ನೋಡು. ನೀರು ತುಂಬುತ್ತೆ. ಮೋಟಾರು ಓಡೋ ಸದ್ದೂ ಬರುತ್ತೆ. ನೀರೂ ಹೊರಗೆ ಹೋಗುತ್ತೆ. ಡ್ರಮ್ ಮಾತ್ರ ಅಲ್ಲಾಡಲ್ಲ. ಏನಾಗಿದೆ ಹೇಳು."

ಓರೆಸ್ಟ್ ಎಡಗೈಯನ್ನು ಮಷೀನಿನ ಮೈಮೇಲಿಟ್ಟು ಕಣ್ಣು ಮುಚ್ಚಿದ. ತುಂಬ ಹೊತ್ತು ಕೇಳಿದ. ತುಟಿ ಅಲುಗಿತು. "ನಾಳೆ," ಎಂದ.

"ನಾಳೆ ಅಲ್ಲ ಕಣೋ, ಈಗ."

"ನಾಳೆ. ನಾಳೆ ನಾಳೆ." ಅವನ ಮುಖ ಕೆಂಪೇರಿತು.

"ಊರವರ ಮನೆ ಮಷೀನೆಲ್ಲ ಬಿಚ್ಚಿ ಕೂಡಿಸ್ದೆ. ನಿನ್ ಹೇಲು ಬಳಿಯೋಳಿಗೆ ಒಂದು ಮಾತು ಹೇಳೋಕಾಗಲ್ವಾ? ಹೋಗು ಹಾಗಾದ್ರೆ. ಆಶ್ರಮದಲ್ಲೇ ಬಿದ್ದಿರು."

ಅಂದುಬಿಟ್ಟ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಎಲ್ಲಿ ನೋಡುವುದೋ ತಿಳಿಯಲಿಲ್ಲ.

ಓರೆಸ್ಟ್ ಕೈ ಚಾಚಿ ಅವಳ ಕೈ ಹಿಡಿದುಕೊಂಡ. ಬೆರಳುಗಳ ನಡುವೆ ಬೆರಳು ಸೇರಿಸಿದ. ಅವಳು ಕೊಸರಿಕೊಂಡಳು. "ಬಿಡು, ಮುದ್ದು ಮಾಡೋ ಹೊತ್ತಾ ಇದು?" ಅವನು ಬಿಡಲಿಲ್ಲ. ಮತ್ತೆ ಬೆರಳು ಸೇರಿಸಿ ಕೈ ತಿರುಗಿಸಿದ. ಅವಳ ಕೈಯೂ ತಿರುಗಿತು. ಆಮೇಲೆ ತನ್ನ ಬೆರಳು ಮಡಚಿಕೊಂಡು ತಿರುಗಿಸಿದ. ಅವನ ಮುಷ್ಟಿ ಮಾತ್ರ ತಿರುಗಿತು, ಅವಳ ಕೈ ಸುಮ್ಮನಿತ್ತು. ಮೂರು ಸಲ ಹಾಗೆಯೇ ಮಾಡಿದ.

"ನೆಟ್ಟಿ, ಮೋಟಾರಿಗೂ ಡ್ರಮ್ಮಿಗೂ ನಡುವೆ ಏನೋ ಇರುತ್ತಲ್ಲ," ಎಂದೆ. "ಅದರ ಹಲ್ಲು ಹೋಗಿದೆ ಅಂತಿದಾನೆ."

ಓರೆಸ್ಟ್ ಕುರ್ಚಿಯ ತೋಳನ್ನು ಪಟಪಟ ಬಡಿದ.

ಪ್ಲಗ್ ಕಿತ್ತೆವು. ಮಷೀನನ್ನು ಇಬ್ಬರೂ ಸೇರಿ ಗೋಡೆಗೆ ಒರಗಿಸಿ, ಅವನು ಬೆರಳು ತೋರಿಸಿದ ಕಡೆಯೆಲ್ಲ ತಿರುಪು ಬಿಚ್ಚಿದೆವು. ಮೋಟಾರನ್ನು ಎಳೆದಾಗ ಬಿಳಿ ಪ್ಲಾಸ್ಟಿಕ್ ಚೂರುಗಳು ಉದುರಿದವು. ಮೂರು ಹಲ್ಲಿನ ಎರಡು ಬಿಲ್ಲೆ, ನಡುವೆ ಒಂದು ರಬ್ಬರು, ಅಷ್ಟೇ ಸಾಮಾನು. ಎರಡು ಬಿಲ್ಲೆಯೂ ಪುಡಿಯಾಗಿದ್ದವು.

ನೆಲಮಾಳಿಗೆಯಲ್ಲಿ ಓರೆಸ್ಟ್ ಬಿಡಿಭಾಗ ತುಂಬಿಟ್ಟಿದ್ದ ಕಾಫಿ ಡಬ್ಬಗಳಲ್ಲಿ ಒಂದು ಗಂಟೆ ಹುಡುಕಿದ ಮೇಲೆ ಅಂಥವೇ ಹಳೆಯ ಬಿಲ್ಲೆ ಮೂರು ಸಿಕ್ಕವು. ಮೊದಲನೆಯದನ್ನು ಮೋಟಾರಿನ ಕಡ್ಡಿಗೆ ಸುತ್ತಿಗೆಯಿಂದ ಹೊಡೆದು ಕೂರಿಸಲು ಹೋಗಿ ನೆಟ್ಟಿ ಸೀಳಿಬಿಟ್ಟಳು. ನೆಲದ ಮೇಲೆ ಕುಸಿದು ಕುಳಿತಳು.

"ಇನ್ನೆರಡೇ ಇರೋದು. ನನ್ನಿಂದ ಆಗಲ್ಲ ವೆರಾ. ಕರ್ಕೊಂಡು ಹೋಗ್ಲಿ ಬಿಡು."

ಓರೆಸ್ಟ್ ಗಂಟಲಿನಿಂದ ಒಂಥರಾ ಸದ್ದು ಮಾಡಿದ. ತೊಡೆ ತಟ್ಟಿ ತೋರಿಸಿದ. ಭಾರದ ಮೋಟಾರನ್ನು ಎತ್ತಿ ಅವನ ತೊಡೆಯ ಮೇಲಿಟ್ಟೆವು, ನಾನು ಹಿಡಿದುಕೊಂಡೆ. ಅವನು ಬಿಲ್ಲೆಯನ್ನು ಎಡಗೈಯ ಎರಡು ಬೆರಳಲ್ಲಿ ನೆಟ್ಟಗೆ ಹಿಡಿದು ನೆಟ್ಟಿಯತ್ತ ತಲೆಯಾಡಿಸಿದ. ಅವಳು ಮೆಲ್ಲಗೆ ಹೊಡೆದಳು. ಒಂದು ಏಟು ಅವನ ಹೆಬ್ಬೆರಳಿಗೆ ಬಿತ್ತು. ಅವನು ಹಿಡಿತ ಸಡಿಲಿಸಲಿಲ್ಲ. ಕುರ್ಚಿಯನ್ನು ಮಷೀನಿಗೆ ತಾಗಿಸಿ ನಿಲ್ಲಿಸಿದ ಮೇಲೆ ಎರಡನೆಯದೂ ಒಳಗಿನ ಕಡ್ಡಿಗೆ ಹಾಗೆಯೇ ಕೂತಿತು; ನಡುವೆ ರಬ್ಬರು ಇಟ್ಟು ಮೋಟಾರನ್ನು ಮತ್ತೆ ಬಿಗಿದೆವು.

ಡ್ರಮ್ ತಿರುಗಿದಾಗ ಸಂಜೆ ನಾಲ್ಕು. ಮಷೀನು ಕಟಕಟ ಸದ್ದು ಮಾಡುತ್ತಿತ್ತು; ಹಳೆಯ ಬಿಲ್ಲೆ, ಎಷ್ಟು ದಿನ ಬಾಳೀತೋ ಗೊತ್ತಿಲ್ಲ. ನೆಟ್ಟಿ ಗಂಡನ ಹೆಬ್ಬೆರಳಿಗೆ ಬಟ್ಟೆ ಸುತ್ತಿದಳು. "ಆಗ ಅಂದಿದ್ದು..." ಎಂದು ಶುರು ಮಾಡಿ ನಿಲ್ಲಿಸಿದಳು. ಅವನು ಆ ಕೈಯಿಂದಲೇ ಅವಳ ಕೆನ್ನೆ ಒರೆಸಿದ.

ಮಂಗಳವಾರ ನರ್ಸ್ ಬಂದು ಹುಣ್ಣು ನೋಡಿದಳು. ದೊಡ್ಡದಾಗಿರಲಿಲ್ಲ, ಚಿಕ್ಕದೂ ಆಗಿರಲಿಲ್ಲ. "ಇನ್ನೊಂದು ವಾರ ನೋಡೋಣ," ಎಂದಳು. ನೆಟ್ಟಿ ಅವಳನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಹಿಂದಿರುಗಿ ಬಂದು, ಮುಂದಿನ ಹೊರೆ ಬಟ್ಟೆಯನ್ನು ಮಷೀನಿಗೆ ಹಾಕಿದಳು.